ಹೊಟ್ಟೆಯೊಳಗಿನ ಪಂಚಾಂಗ

ದಿನ ದಾಟಿದರೂ ಈಯದ ಕುದುರೆಯ ಪಕ್ಕದಲ್ಲಿ 28 ರಾತ್ರಿ ಕಾವಲು ಕೂತಾಗ ಕಲಿತದ್ದು

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, 2025ರ ಮಾರ್ಚ್ 30ರ ಚೌಕದೊಳಗೆ, ಕೆಂಪು ಶಾಯಿಯಲ್ಲಿ ಒಂದು ಪುಟ್ಟ ಲಾಳ ಬರೆದಿಟ್ಟಿದ್ದೆ. ಅಂದು ಭಾನುವಾರ, ಯುಗಾದಿ. ಹಿಂದಿನ ವರ್ಷದ ಏಪ್ರಿಲ್ 24ರಂದು ಕಸ್ತೂರಿಗೆ ಗಂಡು ಬಿಡಿಸಿದ್ದೆವು. ಅಲ್ಲಿಂದ 340 ದಿನ ಎಣಿಸಿದರೆ ಲೆಕ್ಕ ನೇರವಾಗಿ ಹೊಸ ಸಂವತ್ಸರದ ಹೊಸಿಲಿಗೆ ಬಂದು ನಿಲ್ಲುತ್ತಿತ್ತು. ಬೇವು ಬೆಲ್ಲದ ದಿನ ಲಾಯದಲ್ಲೊಂದು ಮರಿ! ಮನೆಯವರೆಲ್ಲ ಅದನ್ನೊಂದು ಶುಭಸೂಚನೆ ಎಂದೇ ಹಿಡಿದುಕೊಂಡಿದ್ದರು.

ಯುಗಾದಿ ಬಂತು. ಕಸ್ತೂರಿ ಹುರುಳಿ ತಿಂದಳು, ಹುಲ್ಲು ತಿಂದಳು, ಮಧ್ಯಾಹ್ನ ಹುಣಸೆಮರದ ನೆರಳಿನಲ್ಲಿ ಒಂದು ಹಿಂಗಾಲು ಸಡಿಲಬಿಟ್ಟು ತೂಕಡಿಸಿದಳು. ಅವಳ ಹೊಟ್ಟೆ ಇಳಿಬಿದ್ದ ಜೋಳಿಗೆಯಂತೆ ಎರಡೂ ಕಡೆ ತೂಗುತ್ತಿತ್ತು. ಕೆಚ್ಚಲು ಮಾತ್ರ ಬಿಟ್ಟಿರಲಿಲ್ಲ. ಏಪ್ರಿಲ್ ಹುಟ್ಟಿತು. ಬೆಳಿಗ್ಗೆ ಹಾಲಿನ ಡೇರಿಗೆ ಹೋದರೆ ಕ್ಯಾನು ಇಳಿಸುವ ಮೊದಲೇ ಪ್ರಶ್ನೆ: ‘ಇನ್ನೂ ಈದಿಲ್ವಾ?’ ಹುಣ್ಣಿಮೆಗೆ ಖಂಡಿತ ಎಂದರು ಕೆಲವರು. ಏಪ್ರಿಲ್ 12ರ ಹುಣ್ಣಿಮೆಯೂ ಕಳೆಯಿತು. ಗಂಡುಮರಿ ಇದ್ದರೆ ತಡ ಎಂದರು ಇನ್ನು ಕೆಲವರು. ‘ಒಂದು ಸೂಜಿ ಹಾಕಿಸಿಬಿಡಿ, ಬೆಳಗಾಗೋದರೊಳಗೆ ಮರಿ ನೆಲದ ಮೇಲಿರುತ್ತೆ’ ಎಂದವರೂ ಇದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತಿತ್ತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ನಮ್ಮದು ಕುಣಿಗಲ್ ಸೀಮೆಯ ಸಣ್ಣ ಹಿಡುವಳಿ. ರಾಗಿ, ತೆಂಗು, ನಾಲ್ಕು ಹಸು, ಒಂದು ಕುದುರೆ. ಕಸ್ತೂರಿ ಒಂದು ಕಾಲಕ್ಕೆ ರೇಸಿನಲ್ಲಿ ಓಡಿದವಳು. ಅವಳ ಕಾಗದಪತ್ರದಲ್ಲಿರುವ ಉದ್ದನೆಯ ಇಂಗ್ಲಿಷ್ ಹೆಸರು ನಮ್ಮ ಬಾಯಿಗೆ ಹಿಡಿಯಲಿಲ್ಲ. ಮೈಬಣ್ಣ ನೋಡಿ ಕಸ್ತೂರಿ ಎಂದು ಕರೆದೆವು, ಅವಳೂ ಒಪ್ಪಿಕೊಂಡಳು. ಜೀವಮಾನವೆಲ್ಲ ಕುದುರೆಗಳ ಲಾಯದಲ್ಲೇ ಕಳೆದು ವಿಶ್ರಾಂತಿ ಪಡೆದಿದ್ದ ಹಿರಿಯ ಸಯೀಸರೊಬ್ಬರು ಯುಗಾದಿಯ ಹಿಂದಿನ ದಿನ ಹಾಸಿಗೆ ಸುತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಊರಿನ ಮಕ್ಕಳಂತೆ ನಾನೂ ಅವರನ್ನು ತಾತ ಎಂದೇ ಕರೆಯುತ್ತಿದ್ದೆ.

ಬಂದ ದಿನವೇ ಕ್ಯಾಲೆಂಡರಿನ ಲಾಳದ ಚಿತ್ರ ನೋಡಿ ತಾತ ಹೇಳಿದರು: ‘ಇದು ನಿಮ್ಮ ಪಂಚಾಂಗ. ಮರಿ ಹತ್ರ ಬೇರೆ ಪಂಚಾಂಗ ಇರುತ್ತೆ.’

ಬೊಟ್ಟಿನಷ್ಟೇ ಮೇಣ

ಹಸುವಿನ ಲೆಕ್ಕ ರೈತರಿಗೆ ಬಾಯಿಪಾಠ: ಒಂಬತ್ತು ತಿಂಗಳು, ಮೇಲೆ ಹತ್ತು ದಿನ. ಎಮ್ಮೆಗೆ ಹತ್ತು ತಿಂಗಳು. ಒಂದು ವಾರ ಆಚೀಚೆಯಾದರೆ ಹೆಚ್ಚು. ಕುದುರೆಯ ಲೆಕ್ಕ ಹಾಗಲ್ಲ. ಹನ್ನೊಂದು ತಿಂಗಳು ಎನ್ನುವುದು ಮಾತಿಗೆ. 340 ದಿನ ಎನ್ನುವುದು ಬರೀ ಸರಾಸರಿ. 320 ದಿನಕ್ಕೆ ಈದು ಒಳ್ಳೆಯ ಮರಿ ಕೊಟ್ಟ ಕುದುರೆಗಳಿವೆ, 365 ದಾಟಿಸಿ ಅಷ್ಟೇ ಒಳ್ಳೆಯ ಮರಿ ಕೊಟ್ಟವೂ ಇವೆ. ಒಂದೇ ಕುದುರೆ ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡವಾಗಿ ಈಯಬಹುದು. ಗಂಡುಮರಿ ಸರಾಸರಿ ಎರಡು ಮೂರು ದಿನ ಹೆಚ್ಚು ಒಳಗಿರುತ್ತದೆ. ಹಗಲು ಚಿಕ್ಕದಿರುವ ಚಳಿಗಾಲದಲ್ಲಿ ಈಯುವವು ಬೇಸಿಗೆಯವಕ್ಕಿಂತ ಹೆಚ್ಚು ದಿನ ಹೊರುತ್ತವೆ. ನಮ್ಮ ಸೀಮೆಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಡುವೆ ಬರೀ ಒಂದೂವರೆ ಗಂಟೆಯ ಅಂತರ. ಆ ನೆಪವೂ ಕಸ್ತೂರಿಗೆ ಅಷ್ಟಾಗಿ ಒದಗುತ್ತಿರಲಿಲ್ಲ.

ದಿನಗಳನ್ನು ನಂಬಲಾಗದ ಮೇಲೆ ಮೈಯನ್ನು ಓದಬೇಕು. ದಿನಾ ಎರಡು ಹೊತ್ತು ತಾತ ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. ಮೊದಲು ಬಾಲದ ಬುಡ ಒತ್ತಿ ನೋಡುವುದು. ಈಯುವ ದಿನ ಹತ್ತಿರವಾದಂತೆ ಅಲ್ಲಿನ ಮಾಂಸಖಂಡ ಸಡಿಲಗೊಂಡು, ಬೆರಳಿಗೆ ನಾದಿದ ಹಿಟ್ಟಿನಂತೆ ಸಿಗುತ್ತದೆ. ಆಮೇಲೆ ಹೊಟ್ಟೆಯ ಆಕಾರ. ಅಗಲಕ್ಕೆ ಹರಡಿದ್ದ ಹೊಟ್ಟೆ ಕೊನೆಯಲ್ಲಿ ಕೆಳಗಿಳಿದು ಚೂಪಾಗುತ್ತದೆ. ಕೊನೆಗೆ ಕೆಚ್ಚಲು. ಈಯುವ ಮೂರು ನಾಲ್ಕು ವಾರ ಮೊದಲು ಕೆಚ್ಚಲು ಬಿಡಲು ತೊಡಗುತ್ತದೆ. ರಾತ್ರಿ ನಿಂತಲ್ಲೇ ನಿಂತಾಗ ತುಂಬಿಕೊಳ್ಳುತ್ತದೆ, ಬೆಳಿಗ್ಗೆ ನಾಲ್ಕು ಹೆಜ್ಜೆ ಅಡ್ಡಾಡಿದರೆ ಇಳಿಯುತ್ತದೆ. ಅಡ್ಡಾಡಿದರೂ ಇಳಿಯದಾದಾಗ ದಿನ ಸಮೀಪಿಸಿತು ಎಂದರ್ಥ. ಮೊಲೆಯ ತುದಿಗೆ ಜಿನುಗಿದ ಗಿಣ್ಣಿನ ಹನಿ ಒಣಗಿ, ಜೇನುಮೇಣದ ಬಣ್ಣದ ಕಾಳಿನಂತೆ ಅಂಟಿಕೊಳ್ಳುತ್ತದೆ. ಸಾಧಾರಣವಾಗಿ ಮೇಣ ಕಟ್ಟಿದ ಒಂದರಿಂದ ನಾಲ್ಕು ದಿನದೊಳಗೆ ಮರಿ.

ಹಾಗೆಂದು ಇವೂ ಆಣೆ ಇಟ್ಟ ಮಾತುಗಳಲ್ಲ. ಮೇಣ ಕಟ್ಟಿಯೂ ವಾರಗಟ್ಟಲೆ ಕಾಯಿಸುವವುಂಟು, ಮೇಣವನ್ನೇ ಕಟ್ಟದೆ ಈದುಬಿಡುವವುಂಟು. ಅದಕ್ಕೇ ಈಗ ಹನಿಯನ್ನು ಅಳೆದು ನೋಡುವ ಕ್ರಮ ಬಂದಿದೆ. ಮರಿ ಪಕ್ವವಾಗುತ್ತಿದ್ದಂತೆ ತಾಯಿಯ ಕೆಚ್ಚಲಿನ ಹಾಲಿನಲ್ಲಿ ಕ್ಯಾಲ್ಸಿಯಂ ಏರುತ್ತದೆ, ಸೋಡಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ. 7ಕ್ಕಿಂತ ಮೇಲಿದ್ದ ಪಿಎಚ್ 6.4ರ ಆಸುಪಾಸಿಗೆ ಬರುತ್ತದೆ. ನೀರು ಪರೀಕ್ಷಿಸಲು ಬಳಸುವಂಥ ಬಣ್ಣದ ಕಾಗದದ ಪಟ್ಟಿಯ ಮೇಲೆ ನಾಲ್ಕು ಹನಿ ಬಿಟ್ಟು ನೋಡಿದರೆ ಸಾಕು. ನಾನು ಪ್ರತಿ ಸಂಜೆ ಬಣ್ಣ ಹೋಲಿಸಿ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಪಕ್ಕದಲ್ಲೇ ತಾತ ಅದೇ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ ಅಂಟು ನೋಡುತ್ತಿದ್ದರು. ಬಹಳಷ್ಟು ಸಂಜೆ ನಾವಿಬ್ಬರೂ ಒಂದೇ ತೀರ್ಮಾನಕ್ಕೆ ಬರುತ್ತಿದ್ದೆವು: ಇವತ್ತಲ್ಲ.

ಬಾಲಕ್ಕೂ ದುಡ್ಡು ಕೊಟ್ಟ ನಾಡು

ಆ ರಾತ್ರಿಗಳಲ್ಲಿ ಹೊತ್ತು ಕಳೆಯಲು ತಾತ ಲಾಯದ ಕತೆ ಹೇಳುತ್ತಿದ್ದರು, ನಾನು ಓದಿದ್ದನ್ನು ಹೇಳುತ್ತಿದ್ದೆ. ದಕ್ಷಿಣದ ನೆಲದಲ್ಲಿ ಕುದುರೆಮರಿಗಾಗಿ ಕಾದ ಕತೆ ನಮ್ಮಿಬ್ಬರಿಗಿಂತ ಬಹಳ ಹಳೆಯದು.

13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ಪ್ರತಿವರ್ಷ ಸಮುದ್ರದಾಚೆಯಿಂದ ಸಾವಿರಾರು ಕುದುರೆ ತರಿಸುತ್ತಿದ್ದುದನ್ನೂ, ಅವು ಉಳಿಯದೆ ಸಾಯುತ್ತಿದ್ದುದನ್ನೂ ಬರೆದಿದ್ದಾನೆ. ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣನ್ನು ಕೂಡಿಸಿದರೂ ಈ ನೆಲದಲ್ಲಿ ಹುಟ್ಟುವುದು ಕಾಲು ಸೊಟ್ಟಗಿನ, ಸವಾರಿಗೆ ಬಾರದ ಮರಿ ಎಂಬ ಮಾತೂ ಅಲ್ಲಿದೆ. ನೋಡಿಕೊಳ್ಳಲು ಬಲ್ಲವರಿಲ್ಲ ಎಂಬ ಕಾರಣವನ್ನೂ ಅವನು ಕೊಡುತ್ತಾನೆ. ವಿಜಯನಗರದ ಕಾಲಕ್ಕೆ ಬಂದರೆ, ಪೋರ್ಚುಗೀಸ್ ವರ್ತಕ ನುನಿಜ್ ಸಾಳುವ ನರಸಿಂಹನ ಬಗ್ಗೆ ಒಂದು ವಿಷಯ ದಾಖಲಿಸಿದ್ದಾನೆ. ಹರ್ಮುಜ್ ಮತ್ತು ಏಡನ್‌ನಿಂದ ಬರುವ ಕುದುರೆಗಳನ್ನು ಅರಸ ಜೀವವಿರಲಿ ಇಲ್ಲದಿರಲಿ ಕೊಳ್ಳುತ್ತಿದ್ದ. ಹಡಗಿನಲ್ಲೇ ಸತ್ತವುಗಳ ಬಾಲ ತಂದು ತೋರಿಸಿದರೂ ಸಾಕು, ಹಣ ಸಿಗುತ್ತಿತ್ತು. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದೂ ನುನಿಜ್ ಬರೆಯುತ್ತಾನೆ. ಹಂಪಿಯ ಮಹಾನವಮಿ ದಿಬ್ಬದ ಮೇಲೆ, ಹಜಾರರಾಮ ದೇಗುಲದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಸಾಗುವ ಕುದುರೆಗಳನ್ನು ನೋಡಿದಾಗಲೆಲ್ಲ ನನಗೆ ಈ ಬಾಲದ ಸಂಗತಿ ನೆನಪಾಗುತ್ತದೆ. ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ನಾಡಿಗೆ, ತನ್ನ ನೆಲದಲ್ಲೇ ಹುಟ್ಟಿ ಎದ್ದು ನಿಲ್ಲುವ ಮರಿ ಎಷ್ಟು ದೊಡ್ಡ ಆಸೆಯಾಗಿದ್ದಿರಬೇಕು!

ಕುಣಿಗಲ್ ಎಂದರೆ ಎಲ್ಲರಿಗೂ ಕೆರೆ ನೆನಪಾಗುತ್ತದೆ. ಕುದುರೆ ಬಲ್ಲವರಿಗೆ ಅದರ ಜೊತೆಗೆ ಕುದುರೆ ಫಾರಂ. ಟಿಪ್ಪು ಸುಲ್ತಾನ ತನ್ನ ಸೈನ್ಯಕ್ಕೆ ಕುದುರೆ ಬೆಳೆಸಲು ಹೂಡಿದ ನೆಲೆ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಸೇನೆಗೂ ಆಮೇಲೆ ಮೈಸೂರು ಸರ್ಕಾರಕ್ಕೂ ಕುದುರೆ ಒದಗಿಸಿತು. ಕಾಲಕ್ರಮದಲ್ಲಿ ರೇಸ್ ಕುದುರೆಗಳ ತವರಾಯಿತು, 1992ರಲ್ಲಿ ಗುತ್ತಿಗೆಗೆ ಹೋಯಿತು. ಆಳಿದವರು ಬದಲಾದರು, ಕುದುರೆಯ ಕೆಲಸ ಬದಲಾಯಿತು. ಯುದ್ಧಕ್ಕೆ ಹುಟ್ಟುತ್ತಿದ್ದವು ಪಂದ್ಯಕ್ಕೆ ಹುಟ್ಟತೊಡಗಿದವು. ಆದರೆ ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಒಂದು ವಿದ್ಯೆ ತಂದೆಯಿಂದ ಮಗನಿಗೆ ಇಳಿದು ಬಂತು: ಗಬ್ಬದ ಕುದುರೆಯ ಪಕ್ಕದಲ್ಲಿ ಸದ್ದಿಲ್ಲದೆ ಕೂರುವ ವಿದ್ಯೆ. ಮಾರ್ಕೊ ಪೋಲೊ ಕಾಣದೆ ಹೋದದ್ದು ಇಂಥವರನ್ನೇ.

ತಾತ ಪಶುವೈದ್ಯರನ್ನು ಈಗಲೂ ‘ಸಾಲೋತ್ರಿ’ ಎನ್ನುತ್ತಾರೆ. ಅಶ್ವವೈದ್ಯದ ಆದಿಗುರು ಶಾಲಿಹೋತ್ರನ ಹೆಸರು ಸವೆದು ಸವೆದು ಹೀಗೆ ಲಾಯದ ಮಾತಾಗಿ ಉಳಿದಿದೆ. ಪುರಾಣದಲ್ಲಿ ದೇವವೈದ್ಯರಾದ ಅಶ್ವಿನೀಕುಮಾರರು ಹುಟ್ಟಿದ್ದು ಹೆಣ್ಣುಕುದುರೆಯ ರೂಪ ತಾಳಿದ ಸರಣ್ಯುವಿನ ಹೊಟ್ಟೆಯಲ್ಲಿ. ವೈದ್ಯರೇ ಕುದುರೆಯ ಮರಿಗಳು ಎಂದು ಹೇಳಿದಾಗ ತಾತ ಬಹಳ ಹೊತ್ತು ಕಸ್ತೂರಿಯ ಹೊಟ್ಟೆಯನ್ನೇ ನೋಡುತ್ತ ಕೂತಿದ್ದರು.

ದಿನ ದಾಟಿಯೂ ಮಾಗದ ಮರಿ

ಈಗ ಆ ಸೂಜಿಯ ಮಾತು.

ಹಲವು ವರ್ಷಗಳ ಹಿಂದೆ, ಬೇರೊಂದು ಊರಿನ ಲಾಯದಲ್ಲಿ, ನಾನು ಇನ್ನೊಂದು ಕುದುರೆಯ ಪಕ್ಕ ಹೀಗೇ ಕಾದಿದ್ದೆ. 345 ದಿನವಾಗಿತ್ತು. ಕೆಚ್ಚಲು ಅರೆಬರೆ ಬಿಟ್ಟಿತ್ತು. ‘ದಿನ ತುಂಬಿ ಐದು ದಿನವಾಯಿತು, ಇನ್ನು ಬಿಟ್ಟರೆ ಮರಿ ದಪ್ಪವಾಗಿ ಸಿಕ್ಕಿಹಾಕಿಕೊಳ್ಳುತ್ತದೆ’ ಎಂದು ಎಲ್ಲರೂ ಹೆದರಿದರು. ನಾನೂ ಹೆದರಿದೆ. ಹೆರಿಗೆಯ ಸೂಜಿ ಹಾಕಿಸಲು ಒಪ್ಪಿದ್ದು ನಾನೇ. ಒಂದು ಗಂಟೆಯೊಳಗೆ ಮರಿ ಬಂತು, ಉಸಿರೂ ಇತ್ತು. ಆದರೆ ಅದರ ಮೈಕೂದಲು ರೇಷ್ಮೆಯಷ್ಟು ನವಿರು. ಹಣೆ ಉಬ್ಬಿತ್ತು. ಕಿವಿಗಳು ನಿಲ್ಲದೆ ಮಡಚಿ ಜೋತುಬಿದ್ದಿದ್ದವು. ಎತ್ತಿ ನಿಲ್ಲಿಸಿದರೆ ಕಾಲಿನ ಗಿಣ್ಣು ನೆಲಕ್ಕೆ ತಾಗುವಷ್ಟು ಬಾಗುತ್ತಿತ್ತು. ಹಾಲು ಚೀಪುವ ಶಕ್ತಿ ಇರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ನನ್ನ ತೊಡೆಯ ಮೇಲೆ ಅದು ಉಸಿರು ನಿಲ್ಲಿಸಿತು. ತಾಯಿ ಎರಡು ದಿನ ಆ ಮೂಲೆಯ ಹುಲ್ಲನ್ನು ಮೂಸುತ್ತಲೇ ಇದ್ದಳು.

ದಿನ ದಾಟಿದ್ದ ಮರಿ, ದಿನ ತುಂಬದ ಮರಿಯಂತೆ ಹುಟ್ಟಿತ್ತು. ಇದು ಹೇಗೆ ಎಂಬ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ಕೊರೆಯಿತು. ಓದಿ, ಕೇಳಿ ತಿಳಿದುಕೊಂಡದ್ದು ಇಷ್ಟು.

ಈಯುವ ದಿನವನ್ನು ಗೊತ್ತುಮಾಡುವುದು ಮರಿ. ಅದರ ಮೂತ್ರಪಿಂಡದ ಪಕ್ಕದ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸತೊಡಗಿದಾಗ ಶ್ವಾಸಕೋಶ, ಕರುಳು, ಸ್ನಾಯು ಎಲ್ಲವೂ ಹೊರಗಿನ ಬದುಕಿಗೆ ಅಣಿಯಾಗುತ್ತವೆ. ಕುರಿಮರಿಯಲ್ಲಿ ಈ ಏರಿಕೆ ಹುಟ್ಟುವುದಕ್ಕೆ ವಾರಗಳ ಮೊದಲೇ ಶುರುವಾಗುತ್ತದೆ. ಕುದುರೆಮರಿಯಲ್ಲಿ ಮಾತ್ರ ಕಟ್ಟಕಡೆಯ ಎರಡು ಮೂರು ದಿನಕ್ಕೆ. 365 ದಿನ ಹೊಟ್ಟೆಯಲ್ಲಿದ್ದರೂ ಆ ಕೊನೆಯ ದಿನಗಳ ಕೆಲಸ ನಡೆದಿರದಿದ್ದರೆ ಮರಿ ಹಸಿಯೇ. ಸೂಜಿ ಗರ್ಭಕೋಶವನ್ನು ಹಿಂಡಬಲ್ಲದು, ಮರಿಯನ್ನು ಮಾಗಿಸಲಾರದು. ಮಾವಿನಕಾಯಿಯನ್ನು ಕಿತ್ತು ಹುಲ್ಲಿನಲ್ಲಿಟ್ಟು ಹಣ್ಣು ಮಾಡಬಹುದು. ಮರಿಗೆ ಆ ದಾರಿ ಇಲ್ಲ.

ದಪ್ಪವಾಗಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರಿ ಗಾತ್ರದ ಶೈರ್ ಕುದುರೆಗಳನ್ನೂ ಕುಳ್ಳ ಶೆಟ್‌ಲೆಂಡ್ ಕುದುರೆಗಳನ್ನೂ ಅಡ್ಡತಳಿ ಮಾಡಿ 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆ ದೈತ್ಯನಾದರೂ ಕುಳ್ಳ ತಾಯಿಗೆ ಹುಟ್ಟಿದ ಮರಿ ಪುಟ್ಟದಾಗಿಯೇ ಇತ್ತು. ದೊಡ್ಡ ತಾಯಿಯ ಮರಿ ಅದರ ಹಲವು ಪಟ್ಟು ತೂಗುತ್ತಿತ್ತು. ಮರಿ ಎಷ್ಟು ಬೆಳೆಯಬೇಕೆಂಬ ಅಳತೆಗೋಲು ತಾಯಿಯ ಗರ್ಭದಲ್ಲಿದೆ. ತಡವಾಗಿ ಹುಟ್ಟುವ ಮರಿಗಳು ಬಹಳ ಸಲ ಸಾಧಾರಣ ಗಾತ್ರದವೇ, ಕೆಲವೊಮ್ಮೆ ಚಿಕ್ಕವೇ ಆಗಿರುತ್ತವೆ. ಆ ದಿನ ನನಗೆ ಇದು ತಿಳಿದಿದ್ದರೆ ಎಂಬ ಕೊರಗು ಇವತ್ತಿಗೂ ಹೋಗಿಲ್ಲ.

ಕಾಯುವುದೆಂದರೆ ದೇವರ ಮೇಲೆ ಭಾರ ಹಾಕಿ ಸುಮ್ಮನಿರುವುದೆಂದು ಇದರರ್ಥವಲ್ಲ. ವೈದ್ಯರು 345ನೇ ದಿನ, 355ನೇ ದಿನ, 363ನೇ ದಿನ ಬಂದು ಕಸ್ತೂರಿಯನ್ನು ಪರೀಕ್ಷಿಸಿದರು. ಅಲ್ಟ್ರಾಸೌಂಡಿನಲ್ಲಿ ಮಾಸಿನ ದಪ್ಪ ನೋಡಿದರು, ನೀರು ತಿಳಿಯಾಗಿದೆಯೇ ನೋಡಿದರು, ಮರಿಯ ಎದೆಬಡಿತ ಕೇಳಿಸಿದರು. ತಾಯಿಯ ಗುಂಡಿಗೆ ಮಿಡಿಯುವುದರ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಆ ಪುಟ್ಟ ಗುಂಡಿಗೆ ಓಡುತ್ತಿತ್ತು. ‘ಅಕಾಲಕ್ಕೆ ಕೆಚ್ಚಲು ಬಿಟ್ಟರೆ, ದಿನಗಟ್ಟಲೆ ಹಾಲು ಸೋರಿದರೆ, ಕೆಟ್ಟ ಸ್ರಾವ ಕಂಡರೆ ತಕ್ಷಣ ಕರೆಯಿರಿ. ಬರೀ ದಿನ ದಾಟಿತೆಂದು ನಾನು ಸೂಜಿ ಹಾಕುವುದಿಲ್ಲ’ ಎಂದರು. ಆ ಮಾತಿಗೆ ನಾನು ಕೈಮುಗಿದೆ.

ಬಿಳಿ ಮತ್ತು ಕೆಂಪು

ಲಾಯದ ಕಂಬಕ್ಕೆ ಬಡಿದ ಮೊಳೆಯಲ್ಲಿ ತಾತ ಒಂದು ಬಟ್ಟೆಚೀಲ ತೂಗುಹಾಕಿದ್ದರು. ಕುದಿಸಿ ಒಣಗಿಸಿದ ಕತ್ತರಿ, ಶುಭ್ರ ಬಟ್ಟೆ, ಹೊಕ್ಕುಳಿಗೆ ಹಚ್ಚುವ ಔಷಧಿ, ಬಾಲಕ್ಕೆ ಸುತ್ತುವ ಪಟ್ಟಿ, ಒಂದು ಟಾರ್ಚು. ದಿನಾ ಸಂಜೆ ಚೀಲ ಇಳಿಸಿ, ಎಲ್ಲವನ್ನೂ ಮುಟ್ಟಿ ನೋಡಿ, ಮತ್ತೆ ತೂಗುಹಾಕುತ್ತಿದ್ದರು. ನನಗೆ ಒಂದು ಪಾಠ ಒಪ್ಪಿಸಲು ಹೇಳುತ್ತಿದ್ದರು, ಮಗುವಿಗೆ ಮಗ್ಗಿ ಹೇಳಿಸಿದಂತೆ: ‘ಬಿಳಿ ಕಂಡರೆ ಕೈಕಟ್ಟು, ಕೆಂಪು ಕಂಡರೆ ಕತ್ತರಿ.’

ಇದರ ಹಿಂದೆ ಇಡೀ ಸೂಲಗಿತ್ತಿತನ ಅಡಗಿದೆ. ಹಸುವಿನ ಹೆರಿಗೆ ಗಂಟೆಗಟ್ಟಲೆ ನಡೆದರೂ ನಡೆದೀತು. ಕುದುರೆ ಹಾಗಲ್ಲ. ನೀರು ಒಡೆದ ಮೇಲೆ ಮರಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಹೊರಗಿರಬೇಕು. ಬಯಲಿನಲ್ಲಿ ಬದುಕಿದ, ಓಟವೊಂದನ್ನೇ ನೆಚ್ಚಿದ ಜೀವ ಅದು. ತೋಳ ಮೂಸಿ ಬರುವ ಮೊದಲು ಈದು, ಎದ್ದು, ಓಡಬೇಕು. ಹನ್ನೊಂದು ಹನ್ನೆರಡು ತಿಂಗಳು ನಿಧಾನವಾಗಿ ಸಾಗಿದ್ದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸರಿಯಾದ ಹೆರಿಗೆಯಲ್ಲಿ ಮೊದಲು ಕಾಣುವುದು ಮುತ್ತಿನ ಬಿಳುಪಿನ ಪೊರೆ, ಅದರೊಳಗೆ ಒಂದರ ಹಿಂದೊಂದು ಮುಂಗಾಲು, ಮಂಡಿಯ ಮೇಲೆ ಊರಿದ ಮೂಗು. ಆಗ ಯಾರೂ ಎಳೆಯಬಾರದು, ಮುಟ್ಟಬಾರದು. ಕೆಂಪು ಮಖಮಲ್ಲಿನಂಥ ಚೀಲ ಮೊದಲು ಕಂಡರೆ ಮಾಸು ಮರಿಗಿಂತ ಮುಂಚೆ ಕಳಚಿಕೊಂಡಿದೆ ಎಂದರ್ಥ. ಮರಿಗೆ ತಾಯಿಯಿಂದ ಉಸಿರು ನಿಂತಿದೆ. ವೈದ್ಯರಿಗೆ ಫೋನು ಮಾಡುವಷ್ಟೂ ಹೊತ್ತಿಲ್ಲ. ಆ ಚೀಲವನ್ನು ಆ ಕ್ಷಣ ಕತ್ತರಿಸಿ, ನೋವಿನ ಜೊತೆಜೊತೆಗೆ ಮರಿಯನ್ನು ಹೊರಗೆಳೆಯಬೇಕು.

ತಿಂಗಳುಗಟ್ಟಲೆ ಕೈಕಟ್ಟಿ ಕೂರಬಲ್ಲವನ ಕೈಯೇ ಆ ಒಂದು ನಿಮಿಷದಲ್ಲಿ ಎಲ್ಲರಿಗಿಂತ ಮೊದಲು ಚೀಲಕ್ಕೆ ಹೋಗಬೇಕು. ಕಾಯುವ ಕೆಲಸ ಎಂದರೆ ಇದು. ಆ ಹಳೆಯ ಲಾಯದಲ್ಲಿ ನಾವು ಬಿಳಿಗೂ ಕೆಂಪಿಗೂ ಕಾಯಲಿಲ್ಲ. ಕ್ಯಾಲೆಂಡರಿನ ಕೆಂಪನ್ನು ನೋಡಿ ಕೈಹಾಕಿದೆವು.

367ನೇ ರಾತ್ರಿ

358ನೇ ದಿನದಿಂದ ಕೆಚ್ಚಲು ಗಟ್ಟಿಯಾಗಿ ಬಿಡತೊಡಗಿತು. 365ನೇ ದಿನ, ಅಂದರೆ ಏಪ್ರಿಲ್ 24ರಂದು, ಕಾಗದದ ಪಟ್ಟಿ 6.8 ತೋರಿಸಿತು. ಮರುದಿನ ಎರಡು ಮೊಲೆಯ ತುದಿಗೂ ಬೊಟ್ಟಿನಷ್ಟೇ ಮೇಣ, ಎಳ್ಳುಕಾಳಿನಿಂದ ಹುರುಳಿಕಾಳಿಗೆ ಬೆಳೆದಿತ್ತು. 26ರ ಸಂಜೆ 6.3. ನಾನು ಪಟ್ಟಿಯನ್ನು ತಾತನ ಮುಂದೆ ಹಿಡಿದೆ. ಅವರು ನೋಡಲಿಲ್ಲ. ಬೆರಳ ಅಂಟನ್ನು ನೋಡುತ್ತಿದ್ದರು. ‘ಇವತ್ತು ನಿದ್ದೆ ಬೇಡ’ ಎಂದರು.

ಮರುದಿನ ಅಮಾವಾಸ್ಯೆ, ಹಾಗಾಗಿ ಅಂದು ಗಾಢ ಕತ್ತಲೆ. ದೀಪ ಆರಿಸಿಬಿಡಲು ತಾತ ಹೇಳಿದರು. ಹೆಣ್ಣುಕುದುರೆ ಬೆಳಕಿನಲ್ಲಿ, ಜನರ ಕಣ್ಣೆದುರಿನಲ್ಲಿ ಈಯಲು ಇಷ್ಟಪಡುವುದಿಲ್ಲ. ನೋವಿನ ಮೊದಲ ಹಂತವನ್ನು ತಡೆದಿಟ್ಟುಕೊಳ್ಳುವ ಶಕ್ತಿ ಅದಕ್ಕಿದೆ. ಬಹುಪಾಲು ಕುದುರೆಗಳು ರಾತ್ರಿಯಲ್ಲೇ ಈಯುವುದನ್ನು ವೈದ್ಯರು ನೂರಾರು ಹೆರಿಗೆಗಳಲ್ಲಿ ಎಣಿಸಿ ನೋಡಿದ್ದಾರೆ. ಹೊಸ ಹುಲ್ಲು ಮೊಳಕಾಲುದ್ದ ಹರಡಿತ್ತು. ನಾವು ಅಡ್ಡಗೋಡೆಯ ಹಿಂದೆ ಗೋಣಿತಾಟಿನ ಮೇಲೆ ಕೂತೆವು. ದೂರದ ಹಾಸನದ ಹೆದ್ದಾರಿಯಲ್ಲಿ ಲಾರಿಗಳ ಮೊರೆತ, ಹತ್ತಿರದಲ್ಲಿ ಜೀರುಂಡೆ, ಇವೆರಡರ ನಡುವೆ ಕಸ್ತೂರಿಯ ಉಸಿರು.

ಒಂದು ಗಂಟೆ ದಾಟುವಾಗ ಆ ಉಸಿರು ಬದಲಾಯಿತು. ಅವಳು ಸುತ್ತತೊಡಗಿದಳು. ಹುಲ್ಲು ಕೆದರಿದಳು, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು, ಬಾಲ ಎತ್ತಿ ಇಳಿಸಿದಳು. ಬೆವರಿನ ವಾಸನೆ ನಮ್ಮವರೆಗೂ ಬಂತು. ಬೆನ್ನು ಕೆಳಗಾಗಿ ಮಲಗಿದ್ದ ಮರಿ ಒಳಗೆ ಈಗ ಹೊರಳುತ್ತಿರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಕತ್ತಲೆಯಲ್ಲಿ ಅದನ್ನು ಕೇಳಿಸಿಕೊಳ್ಳುತ್ತ ಕೂರುವುದು ಬೇರೆ. ಎರಡು ಗಂಟೆ ಐದು ನಿಮಿಷಕ್ಕೆ ಬಕೆಟ್ಟಿನಿಂದ ಸುರಿದಂತೆ ನೀರು ನೆಲಕ್ಕೆ ಬಿದ್ದ ಸದ್ದು. ಕಸ್ತೂರಿ ಮಂಡಿಯೂರಿ, ನಿಟ್ಟುಸಿರಿನೊಂದಿಗೆ ಪಕ್ಕಕ್ಕೆ ಮಲಗಿದಳು. ತಾತ ಟಾರ್ಚಿಗೆ ಅಂಗೈ ಅಡ್ಡ ಹಿಡಿದು ಬೆರಳ ಸಂದಿಯಿಂದ ಒಂದು ಎಳೆ ಬೆಳಕು ಬಿಟ್ಟರು. ನನ್ನ ಕೈ ಆಗಲೇ ಕತ್ತರಿಯ ಮೇಲಿತ್ತು.

ಬಿಳಿ.

ನಾನು ಕೈಕಟ್ಟಿದೆ. ಆ ಹತ್ತೊಂಬತ್ತು ನಿಮಿಷ ನನ್ನ ಎರಡು ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕೂತಿದ್ದೆ. ಒಂದು ಗೊರಸು, ಒಂದು ಗೇಣು ಹಿಂದೆ ಇನ್ನೊಂದು, ಆಮೇಲೆ ನೀರಿಗೆ ಧುಮುಕುವವನಂತೆ ಚಾಚಿದ ಮುಖ. ಭುಜ ಬರುವಾಗ ಕಸ್ತೂರಿ ಒಮ್ಮೆ ನರಳಿದಳು. ನನ್ನ ಮೈ ಮುಂದಕ್ಕೆ ವಾಲಿತು. ತಾತ ನನ್ನ ಮಂಡಿಯ ಮೇಲೆ ಕೈ ಇಟ್ಟರು, ಅಷ್ಟೇ. ಮುಂದಿನ ನೋವಿಗೆ ಇಡೀ ಮೈ ಜಾರಿ ಹುಲ್ಲಿಗೆ ಬಂತು. ಹಿಂಗಾಲುಗಳು ಇನ್ನೂ ತಾಯಿಯೊಳಗೇ ಇದ್ದವು. ತಾಯಿಯೂ ಮರಿಯೂ ಹಾಗೇ ಸುಮ್ಮನೆ ಮಲಗಿದ್ದವು. ಹೊಕ್ಕುಳಬಳ್ಳಿಯನ್ನು ನಾವು ಕತ್ತರಿಸಲಿಲ್ಲ. ಮರಿ ಒದ್ದಾಡಿದಾಗ, ಅದಕ್ಕೆಂದೇ ಇರುವ ತೆಳು ಜಾಗದಲ್ಲಿ ತಾನಾಗಿ ಕಡಿಯಿತು. ಅದಾದ ಮೇಲೆ ನಾವು ಮಾಡಿದ್ದು ಹೊಕ್ಕುಳಿಗೆ ಔಷಧಿ ಹಚ್ಚಿದ್ದು ಮಾತ್ರ.

ಟಾರ್ಚಿನ ಬೆಳಕಿನಲ್ಲಿ ಗೊರಸು ನೋಡಿದೆ. ಅದರ ತುದಿಗೆ ಎಳನೀರಿನ ಗಂಜಿಯಂಥ ಮೆತ್ತನೆಯ ಎಳೆಗಳು ಅಂಟಿದ್ದವು. ಹೊಟ್ಟೆಯಲ್ಲಿ ಒದೆಯುವಾಗ ತಾಯಿಗೆ ಗೀರಬಾರದೆಂದು ಪ್ರಕೃತಿ ತೊಡಿಸಿದ ಜೋಡು. ನಾಲ್ಕು ಹೆಜ್ಜೆ ನಡೆದರೆ ಸವೆದುಹೋಗುತ್ತದೆ. ಆಮೇಲೆ ಕಿವಿ ನೋಡಿದೆ. ಎರಡೂ ಕಿವಿ ನೆಟ್ಟಗೆ ನಿಂತಿದ್ದವು. ಹಣೆ ಚಪ್ಪಟೆ. ಕೂದಲು ಒರಟು. ಆ ಇನ್ನೊಂದು ಮರಿಯನ್ನು ಹುಗಿದ ಮೇಲೆ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅತ್ತೆ.

ಕಸ್ತೂರಿ ಕತ್ತು ತಿರುಗಿಸಿ, ಗಂಟಲೊಳಗೇ, ಅಲೆಅಲೆಯಾಗಿ ಕೆನೆದಳು. ಆ ದನಿಯನ್ನು ನಾನು ಅವಳಿಂದ ಮೊದಲೆಂದೂ ಕೇಳಿರಲಿಲ್ಲ. ಮರಿ ಏಳಲು ಹೊರಟಿತು. ಮೈಗೆ ಹೊಂದದಷ್ಟು ಉದ್ದದ ಕಾಲುಗಳು ನಾಲ್ಕು ದಿಕ್ಕಿಗೆ ಜಾರಿದವು. ಬಿತ್ತು, ಎದ್ದಿತು, ಮತ್ತೆ ಬಿತ್ತು. ಐವತ್ತು ನಿಮಿಷಕ್ಕೆ ನಿಂತಿತು. ಗೋಡೆಯಲ್ಲಿ, ತಾಯಿಯ ಎದೆಯಲ್ಲಿ, ಮಂಡಿಯಲ್ಲಿ ಹಾಲು ಹುಡುಕಿ ಕೊನೆಗೆ ನಾಲ್ಕು ಗಂಟೆಗೆ ಕೆಚ್ಚಲು ಸಿಕ್ಕಿ ಚೀಪುವ ಸದ್ದು ಕೇಳಿದಾಗ ತಾತ ಮೊದಲ ಬಾರಿಗೆ ಗೋಡೆಗೆ ಬೆನ್ನು ಆನಿಸಿ ಕೂತರು. ಕುದುರೆಯ ಮಾಸು ತಾಯಿಯ ರೋಗನಿರೋಧಕ ಶಕ್ತಿಯನ್ನು ಹೊಟ್ಟೆಯಲ್ಲಿರುವ ಮರಿಗೆ ದಾಟಿಸುವುದಿಲ್ಲ. ಎಲ್ಲವೂ ಗಿಣ್ಣಿನಲ್ಲೇ ಸಿಗಬೇಕು. ಒಂದು ದಿನ ಕಳೆದರೆ ಕರುಳಿನ ಬಾಗಿಲು ಮುಚ್ಚಿಬಿಡುತ್ತದೆ. ಅದಕ್ಕೇ ಲಾಯದವರ ಲೆಕ್ಕ: ಒಂದು ಗಂಟೆಗೆ ನಿಲ್ಲಬೇಕು, ಎರಡಕ್ಕೆ ಹಾಲು ಕುಡಿಯಬೇಕು, ಮೂರರೊಳಗೆ ಮಾಸು ಬೀಳಬೇಕು. ಮಾಸು ಅಷ್ಟರಲ್ಲಿ ಬಿದ್ದಿತ್ತು. ತಾತ ಅದನ್ನು ನೆಲದ ಮೇಲೆ ಹರಡಿ, ಎಲ್ಲೂ ಚೂರು ಒಳಗೆ ಉಳಿದಿಲ್ಲವೆಂದು ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದರು.

ಬೆಳಕು ಹರಿದಾಗ ಡೇರಿಯ ದಾರಿಯಲ್ಲಿದ್ದವರೆಲ್ಲ ನಮ್ಮ ಲಾಯದ ಮುಂದೆ ಸೇರಿದ್ದರು. ಇಷ್ಟು ತಡವಾದ ಮೇಲೆ ಗಂಡೇ ಎಂದು ಪಂಥ ಕಟ್ಟಿದ್ದವರು ಸೋತರು. ಅದು ಹೆಣ್ಣುಮರಿ. ಯಾವತ್ತೋ ಒಂದು ದಿನ ಇವಳ ಪಕ್ಕದಲ್ಲೂ ಯಾರಾದರೂ ಹೀಗೆ ಕೂರಬೇಕಾಗುತ್ತದೆ.

ನಾನು ಅಡುಗೆಮನೆಗೆ ಹೋಗಿ ಮಾರ್ಚ್ ತಿಂಗಳ ಹಾಳೆ ತಿರುವಿ ಆ ಕೆಂಪು ಲಾಳವನ್ನು ನೋಡಿದೆ. ಅದನ್ನು ಹೊಡೆದುಹಾಕಬೇಕೆನಿಸಲಿಲ್ಲ. ನಮ್ಮ ಲೆಕ್ಕವೂ ಬೇಕು. ಅದಿಲ್ಲದಿದ್ದರೆ ಯಾವ ರಾತ್ರಿಯಿಂದ ಎಚ್ಚರವಿರಬೇಕೆಂದು ತಿಳಿಯುವುದಿಲ್ಲ. ಅಲ್ಲಿಂದಾಚೆಗಿನ ಲೆಕ್ಕ ಮಾತ್ರ ನಮ್ಮದಲ್ಲ.

ಹಿಂತಿರುಗಿ ಬಂದಾಗ ತಾತ ಚೀಲ ಬಿಚ್ಚಿ ಕೂತಿದ್ದರು. ಒಮ್ಮೆಯೂ ಬಳಸದ ಕತ್ತರಿಯನ್ನು ಹೊರತೆಗೆದು, ಬಳಸಿದ್ದಷ್ಟೇ ಶ್ರದ್ಧೆಯಿಂದ ಒರೆಸಿ, ಎಣ್ಣೆ ಹಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮ ಟ್ರಂಕಿನೊಳಗೆ ಇಟ್ಟುಕೊಂಡರು.